ನವೆಂಬರ್ ಹದಿನಾಲ್ಕರಿಂದ ಮೀನು ಬಂದ್: ಡಾ. ಡುಲ್ಸಿನ್ ತಾವ್ರೊ ಅವರ ಟರ್ಕಿ ಪಾಠ

ಕರಾವಳಿಯ ಪಕ್ಷಿಪಾಲನೆಯ ಮಾತು ಬ್ರಾಯ್ಲರ್ ಕೋಳಿಯಿಂದ ಹೊರಟು ಬ್ರಾಯ್ಲರ್ ಕೋಳಿಯಲ್ಲೇ ಮುಗಿಯುತ್ತಿದ್ದ ಕಾಲದಲ್ಲಿ, ಟರ್ಕಿಯೆಂಬ ದೊಡ್ಡ ಹೊಟ್ಟೆಯ, ಸಣ್ಣ ಬುದ್ಧಿಯ ಹಕ್ಕಿಯನ್ನು ಕಡಿಮೆ ಖರ್ಚಿನಲ್ಲಿ, ಆರೋಗ್ಯ ಕೆಡದಂತೆ, ತೂಕ ತಗ್ಗದಂತೆ ಬೆಳೆಸುವ ಬಗೆ ಯಾವುದು ಎಂಬ ಒಂದೇ ಪ್ರಶ್ನೆಯನ್ನು ಮೂವತ್ತೈದು ವರ್ಷ ಹಿಡಿದು ಕೂತವರು ಡಾ. ಡುಲ್ಸಿನ್ ತಾವ್ರೊ ಅವರು. ಹಕ್ಕಿ ಸಾಕುವವರ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದ್ದೇ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ಪಾಲಿನಲ್ಲಿ ಎಲ್ಲಿ ಕೈ ಬಿಗಿಹಿಡಿಯಬೇಕು, ಎಲ್ಲಿ ಹಿಡಿಯಲೇಬಾರದು ಎಂಬುದನ್ನು ಮಂಗಳೂರಿನ ಮಳೆ, ಮಂಗಳೂರಿನ ಸೆಕೆ, ಮಂಗಳೂರಿನ ಮೀನು ಈ ಮೂರನ್ನೂ ಗಮನದಲ್ಲಿಟ್ಟುಕೊಂಡು ನಮಗೆ ಕಲಿಸಿದವರು ಅವರು. ಅಭಿನಂದನ ಗ್ರಂಥದ ಉಪಚಾರಕ್ಕಾಗಿ ಈ ಮಾತು ಬರೆಯುತ್ತಿಲ್ಲ. ಇದಕ್ಕೆ ನಾನೇ ಸಾಕ್ಷಿ.

ಈ ಸಂಪುಟದಲ್ಲಿ ಮೇಡಂ ಅವರ ಸಂಶೋಧನ ಪ್ರಬಂಧಗಳ ಬಗ್ಗೆ ವಿದ್ವಾಂಸರು ಬರೆಯುತ್ತಾರೆ, ಬರೆಯಲಿ. ನಾನು ಕುದ್ರೋಳಿಯ ಒಣಮೀನು ವ್ಯಾಪಾರಿ ನೂರ್ ಮುಹಮ್ಮದ್ ಅವರ ಮಗಳು ಸಫಿಯಾ; ಮೇಡಂ ಅವರ ತರಬೇತಿಯಲ್ಲಿ ಕಲಿತವಳು, ಹನ್ನೆರಡು ವರ್ಷಗಳಿಂದ ಕೂಳೂರಿನಲ್ಲಿ ಟರ್ಕಿ ಸಾಕುವವಳು. ಸಂಪಾದಕರು ನನಗೆ 'ಗುರುಗಳ ಸಾಧನೆ' ಎಂಬ ವಿಷಯ ಕೊಟ್ಟಿದ್ದರು. ನಾನು ಅವರ ಒಂದು ತಪ್ಪಿನ ಬಗ್ಗೆಯೂ ನನ್ನ ಒಂದು ತಪ್ಪಿನ ಬಗ್ಗೆಯೂ ಬರೆಯುತ್ತಿದ್ದೇನೆ, ಏಕೆಂದರೆ ಸಾಧನೆ ಹುಟ್ಟಿದ್ದು ಅಲ್ಲಿಯೇ.

ಮೇಡಂ ಅವರು ಕೂಳೂರು ಸೇತುವೆಯ ಆಚೆಗಿದ್ದ ಪಕ್ಷಿಪಾಲನಾ ತರಬೇತಿ ಕೇಂದ್ರಕ್ಕೆ ಸೇರಿದ್ದು ತೊಂಬತ್ತರಲ್ಲಿ. ಆಗ ಅಲ್ಲಿ ಟರ್ಕಿಯೆಂದರೆ ಸಂದರ್ಶಕರಿಗೆ ತೋರಿಸುವ ಒಂದು ತಮಾಷೆ. ಸಾಕಲು ಕೊಂಡುಹೋದವರ ಮರಿಗಳಲ್ಲಿ ಅರ್ಧಕ್ಕರ್ಧ ಮೊದಲ ವಾರದಲ್ಲೇ ಸಾಯುತ್ತಿದ್ದವು, ಸಾಯುವಾಗ ಪಕ್ಕದಲ್ಲಿ ಮೇವಿನ ತಟ್ಟೆ ತುಂಬಿಯೇ ಇರುತ್ತಿತ್ತು. ಎಲ್ಲರೂ ರೋಗವೆಂದರು. ಮೇಡಂ ಮಾತ್ರ ಮೂರು ದಿನ ಆ ಮರಿಗಳ ಗೂಡಿನೆದುರು ಸ್ಟೂಲು ಹಾಕಿ ಕೂತು ನೋಡಿ, ಇವಕ್ಕೆ ರೋಗವಿಲ್ಲ, ಮೇವು ಎದುರಿಗಿರುವುದೇ ಇವಕ್ಕೆ ಕಾಣುತ್ತಿಲ್ಲ ಎಂದು ಹೇಳಿದರಂತೆ. ನೀರಿನ ಬಟ್ಟಲಿಗೆ ಬಣ್ಣದ ಗೋಲಿಗಳನ್ನು ಹಾಕಿದರು, ಮೇವಿನ ಮೇಲೆ ಸಣ್ಣಗೆ ಹೆಚ್ಚಿದ ಹಸಿರು ಸೊಪ್ಪು ಉದುರಿಸಿದರು, ಬೆರಳಿನಿಂದ ತಟ್ಟೆಯನ್ನು ಟಕ್ ಟಕ್ ಎಂದು ಬಡಿದು ಮರಿಗಳಿಗೆ ಕುಕ್ಕಲು ಕಲಿಸಿದರು. ಸರಕಾರಿ ಡಾಕ್ಟರು ಗೋಲಿ ಖರೀದಿಗೆ ಬಿಲ್ಲು ಇಟ್ಟಿದ್ದಾರೆಂದು ಕಚೇರಿಯಲ್ಲಿ ನಕ್ಕವರು, ಆ ವರ್ಷ ಮರಿಗಳು ಉಳಿದದ್ದನ್ನು ನೋಡಿ ನಗು ನಿಲ್ಲಿಸಿದರು.

ನಾನು ತರಬೇತಿಗೆ ಸೇರಿದ್ದು ಎರಡು ಸಾವಿರದ ಹನ್ನೆರಡರಲ್ಲಿ. ಇಪ್ಪತ್ತು ಮಂದಿಯ ತಂಡದಲ್ಲಿ ಹೆಂಗಸು ನಾನೊಬ್ಬಳೇ. ಮೇಡಂ ಅವರ ಮೊದಲ ದಿನದ ಪಾಠ ಈಗಲೂ ಬಾಯಿಪಾಠ: "ಮೊದಲ ನಾಲ್ಕು ವಾರ ಕಂಜೂಸಿ ಮಾಡ್ಲಿಕ್ಕಿಲ್ಲ. ಮರಿಗೆ ಎಷ್ಟು ಬೇಕೋ ಅಷ್ಟು ಒಳ್ಳೆದು ಕೊಡಿ. ಉಳಿತಾಯ ಮಾಡ್ಲಿಕ್ಕೆ ಮತ್ತೆ ಇಡೀ ಆಯುಷ್ಯ ಉಂಟು." ಚಿಕ್ಕ ಮರಿಗೆ ಮೈ ಕಟ್ಟುವ ಸತ್ವ ಹೆಚ್ಚು ಬೇಕು, ಬೆಳೆದಂತೆ ಅದರ ಅಗತ್ಯ ಇಳಿಯುತ್ತ ಹೋಗುತ್ತದೆ, ಕೊನೆಗೆ ಕಾಳು, ತೌಡು, ಸೊಪ್ಪಿನಲ್ಲೇ ಹಕ್ಕಿ ತೂಕ ಹಾಕುತ್ತದೆ ಎಂಬುದು ಅವರ ಕ್ರಮದ ತಿರುಳು. ತರಬೇತಿ ಮುಗಿದಾಗ ಪ್ರತಿಯೊಬ್ಬರಿಗೂ ಒಂದು ಹಳದಿ ಹಾಳೆ ಕೊಟ್ಟರು. ಯಾವ ವಾರಕ್ಕೆ ಏನು, ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಆ ಹಾಳೆಯನ್ನು ಮುಂದೆ ಮತ್ತೆ ತೆಗೆಯಬೇಕಾಗುತ್ತದೆ, ಓದುಗರು ನೆನಪಿಟ್ಟುಕೊಳ್ಳಬೇಕು.

ಕೂಳೂರಿನಲ್ಲಿ ಹೊಳೆಯ ದಡಕ್ಕೆ ನಮ್ಮದೊಂದು ಮೂವತ್ತು ಸೆಂಟ್ಸ್ ಜಾಗ ಇತ್ತು. ಅಪ್ಪನಿಗೆ ಅಲ್ಲಿ ಒಣಮೀನಿನ ಗೋಡೌನ್ ಕಟ್ಟುವ ಆಸೆ. ನಾನು ಟರ್ಕಿ ಎಂದಾಗ ಅವರು, ಒಂದು ಕ್ರಿಸ್ಮಸ್ ಮಾತ್ರ ನೋಡೋಣ, ಹಕ್ಕಿ ನಡೆದರೆ ಜಾಗ ನಿನ್ನದು, ನಡೆಯದಿದ್ದರೆ ಜನವರಿಯಲ್ಲಿ ಗೋಡೌನಿಗೆ ಕಲ್ಲು ಬೀಳುತ್ತದೆ ಎಂದರು. ವ್ಯಾಪಾರಿಗಳ ಮನೆಯಲ್ಲಿ ಮಗಳಿಗೂ ಷರತ್ತು ಷರತ್ತೇ. ಹೀಗೆ ಹದಿಮೂರರ ಜುಲೈಯಲ್ಲಿ ಅರವತ್ತೈದು ಮರಿಗಳು ಕೂಳೂರಿಗೆ ಬಂದವು.

ಐದನೇ ದಿನ ಹತ್ತಾರು ಮರಿಗಳು ತಲೆ ತಗ್ಗಿಸಿ ಮೂಲೆ ಸೇರಿದವು. ನಾನು ಫೋನು ಮಾಡಿದ್ದು ಬೆಳಗ್ಗೆ ಏಳಕ್ಕೆ. ಎಂಟೂವರೆಗೆ ಮೇಡಂ ಬಸ್ಸಿಳಿದು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಕೆಸರು ದಾಟಿ ಬರುತ್ತಿದ್ದರು. ಕ್ಯಾರಿಯರಿನಲ್ಲಿ ಅವರ ತಾಯಿ ಆಗ್ನೆಸ್‌ಬಾಯಿ ಬೇಯಿಸಿ ಪುಡಿಮಾಡಿ ಕೊಟ್ಟ ಕೋಳಿಮೊಟ್ಟೆ. ನಮ್ಮಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುತ್ತಿದ್ದ ಚೆನ್ನಪ್ಪ ಹಾಲು ತಂದ. ನಾವು ಮೂವರೂ ಮಧ್ಯಾಹ್ನದವರೆಗೆ ನೆಲದಲ್ಲಿ ಕೂತು ಒಂದೊಂದೇ ಮರಿಯ ಕೊಕ್ಕಿಗೆ ಬೆರಳಿನಿಂದ ತಿನ್ನಿಸಿದೆವು. ಅಂದು ಮೇಡಂ ಅವರಿಗೆ ಅರ್ಧ ದಿನದ ರಜೆ ಹೋಯಿತು, ನಮಗೆ ಮೂರು ಮರಿಗಳು ಹೋದವು. ಉಳಿದ ಅರವತ್ತೆರಡು ಎದ್ದು ನಿಂತವು.

ಆಗಸ್ಟ್ ತಿಂಗಳಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದವು. ಬಂದರಿನಲ್ಲಿ ಯಾರಿಗೂ ಬೇಡದ ಸಣ್ಣ ಮೀನು ರಾಶಿ ಬಿತ್ತು. ಉಪ್ಪು ಹಾಕದೆ ಒಣಗಿಸಿ ಹುಡಿ ಮಾಡಿದರೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಸತ್ವದ ಮೇವು ಬೇರೆ ಎಲ್ಲೂ ಇಲ್ಲ, ಅದೂ ನಮ್ಮದೇ ಅಂಗಡಿಯಲ್ಲಿ. ನೂರು ಕಿಲೋ ಮೇವಿಗೆ ಹತ್ತು ಕಿಲೋ ಮೀನಿನ ಹುಡಿ ಎಂದು ಹಳದಿ ಹಾಳೆಯಲ್ಲಿತ್ತು. ಎಲ್ಲಿಯವರೆಗೆ ಎಂದು ಇರಲಿಲ್ಲ. ನಾನು ಹತ್ತನ್ನು ಇಪ್ಪತ್ತು ಮಾಡಿದೆ, ಸೋಯಾ ಹಿಂಡಿಯನ್ನು ಪೂರ್ತಿ ನಿಲ್ಲಿಸಿದೆ, ಹಾಗೆಯೇ ಡಿಸೆಂಬರ್ ಇಪ್ಪತ್ತಮೂರರವರೆಗೆ ತಿನ್ನಿಸಿದೆ. ಹಕ್ಕಿಗಳು ಹೇಗೆ ಬೆಳೆದವೆಂದರೆ ಚೆನ್ನಪ್ಪ ಗಂಡುಹಕ್ಕಿಯೊಂದನ್ನು ಎತ್ತಿ, "ಎಂತ ಭಾರ ಮಾರಾಯ್ತಿ ಇದು, ನನ್ನ ಸೊಂಟ ಹೋಯ್ತು" ಎಂದು ಕೆಳಗಿಟ್ಟ. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮಾರುವ ಮೊದಲು ಒಂದು ಹಕ್ಕಿಯನ್ನು ಮನೆಯಲ್ಲಿ ಅಡುಗೆ ಮಾಡಿ ನೋಡಿಯೇ ಕೊಟ್ಟದ್ದು, ಅದರಲ್ಲಿ ನಾನು ಬೇಜವಾಬ್ದಾರಿ ಮಾಡಲಿಲ್ಲ. ಕುದ್ರೋಳಿಯ ಮನೆಯಲ್ಲಿ ಹತ್ತು ಮಂದಿ ಕೂತು ತಿಂದೆವು. ಹತ್ತು ಮಂದಿಯೂ ಒಳ್ಳೆಯದಿದೆ ಎಂದರು. ಅಪ್ಪ ಎರಡು ಸಲ ಬಡಿಸಿಕೊಂಡರು.

ಕ್ರಿಸ್ಮಸ್ ದಿನ ಮಧ್ಯಾಹ್ನ ಒಂದು ಗಂಟೆಗೆ ಮೊದಲ ಫೋನು ಬಂತು. ಬೆಂದೂರಿನ ಒಬ್ಬ ಹಿರಿಯರು ಬಹಳ ಸಾವಧಾನದಿಂದ ಕೇಳಿದರು: "ಸಫಿಯಾ, ನೀವು ನಮಗೆ ಕೊಟ್ಟದ್ದು ಟರ್ಕಿಯಾ, ಬಂಗುಡೆಯಾ?" ನನಗೆ ಅರ್ಥವಾಗಲಿಲ್ಲ. ಎರಡನೆಯ ಫೋನು, ಮೂರನೆಯ ಫೋನು ಬಂದಾಗ ಅರ್ಥವಾಯಿತು. ನಲ್ವತ್ತೆರಡು ಮನೆಗಳಿಗೆ ಒಂದೋ ಎರಡೋ ಎಂದು ಹಬ್ಬದ ಊಟಕ್ಕೆ ಹೋಗಿದ್ದ ನಮ್ಮ ಹಕ್ಕಿಗಳೆಲ್ಲ ಓವನ್ನಿನಲ್ಲಿ ಬಿಸಿಯಾಗುತ್ತಿದ್ದಂತೆ ಮೀನಿನ ವಾಸನೆ ಬಿಟ್ಟಿದ್ದವು. ಅವಲ್ಲದೆ ಮೇಡಂ ಅವರ ಮನೆಗೂ ಒಂದು ಹೋಗಿತ್ತು. ಆಗ್ನೆಸ್‌ಬಾಯಿ ಒಂದು ತುಂಡು ಬಾಯಿಗಿಟ್ಟು ಚಮಚ ಕೆಳಗಿಟ್ಟು, "ಡುಲ್ಸಿನ್, ಈ ಹಕ್ಕಿ ಈಜ್ತಾ ಇತ್ತಾ?" ಎಂದು ಕೇಳಿದರಂತೆ. ನಾನು ಆ ಸಂಜೆ ಅಳುತ್ತ ಕೂತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹಕ್ಕಿ ಹೋದದ್ದಕ್ಕಲ್ಲ, ನಲ್ವತ್ತೆರಡು ಮನೆಗಳ ಹಬ್ಬ ಕೆಡಿಸಿದೆನಲ್ಲ ಎಂದು.

ಮರುದಿನ ಬೆಳಗ್ಗೆ ಮೇಡಂ ನಮ್ಮ ಕುದ್ರೋಳಿಯ ಅಂಗಡಿಗೆ ತಾವೇ ಬಂದರು. ಮೆಟ್ಟಿಲು ಹತ್ತುವಾಗಲೇ ಸೆರಗು ಮೂಗಿಗೆ ಹೋಯಿತು.

"ಮಾರುವ ಮೊದಲು ತಿಂದು ನೋಡಿದ್ರಾ?" ಎಂದು ಕೇಳಿದರು.

"ಹತ್ತು ಜನ ತಿಂದೆವು ಮೇಡಂ. ಯಾರಿಗೂ ಎಂತದೂ ಗೊತ್ತಾಗ್ಲಿಲ್ಲ," ಎಂದೆ.

"ಎಲ್ಲಿ ಕೂತು ತಿಂದದ್ದು?"

"ಇಲ್ಲೇ, ಮೇಲೆ, ನಮ್ಮ ಮನೆಯಲ್ಲಿ."

ಮೇಡಂ ಒಮ್ಮೆ ಸುತ್ತ ನೋಡಿದರು. ಮಾಡಿನವರೆಗೆ ಒಟ್ಟಿದ್ದ ಒಣಮೀನಿನ ಗೋಣಿಗಳು, ಅವುಗಳ ನಡುವೆ ನಲ್ವತ್ತು ವರ್ಷದಿಂದ ಕೂತ ನನ್ನ ಅಪ್ಪ, ಅದೇ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಹುಟ್ಟಿ ಬೆಳೆದ ನಾನು. ಅವರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕಾಗ ನಮಗೂ ಹೊಳೆಯಿತು. ನಮ್ಮ ಮನೆಯವರ ಮೂಗಿಗೆ ಮೀನಿನ ವಾಸನೆ ಎಂಬುದೊಂದು ಪ್ರತ್ಯೇಕವಾಗಿ ಇಲ್ಲವೇ ಇಲ್ಲ. ನಮಗೆ ಅದು ಬರೀ ಗಾಳಿ.

ನಗು ಮುಗಿದ ಮೇಲೆ ಮೇಡಂ ಚೀಲದಿಂದ ಆ ಹಳದಿ ಹಾಳೆಯನ್ನು ತೆಗೆದು ಅಪ್ಪನ ಎದುರಿಗೆ ಇಟ್ಟರು. "ತಪ್ಪು ನಿಮ್ಮ ಮಗಳದ್ದಲ್ಲ. ಮೀನು ಯಾವಾಗ ನಿಲ್ಲಿಸಬೇಕೆಂದು ನಾನು ಇದರಲ್ಲಿ ಬರೆದಿಲ್ಲ. ನಾನು ಓದಿದ ಪುಸ್ತಕ ಬರೆದವರ ಊರಿನಲ್ಲಿ ಮೀನು ದುಬಾರಿ, ಅಲ್ಲಿ ಯಾರೂ ಇಷ್ಟು ಹಾಕುದಿಲ್ಲ. ಮಂಗಳೂರಿನಲ್ಲಿ ಹಾಕ್ತಾರೆ ಎಂದು ನನಗೆ ಹೊಳೆಯಬೇಕಿತ್ತು," ಎಂದರು. ಹಾಳೆಯಲ್ಲಿದ್ದದ್ದು ಹತ್ತು, ನಾನು ಹಾಕಿದ್ದು ಇಪ್ಪತ್ತು. ಆ ಹೊತ್ತಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ, ಅಪ್ಪ ಎದುರಿಗೇ ಇದ್ದರು.

ಮೇಡಂ ಅಷ್ಟಕ್ಕೆ ನಿಲ್ಲಿಸಲಿಲ್ಲ. ನಲ್ವತ್ತೆರಡು ಮನೆಗಳಿಗೂ ತಮ್ಮ ಕೈಬರಹದಲ್ಲಿ ಕ್ಷಮಾಪಣೆಯ ಪತ್ರ ಬರೆದು, ಕೆಳಗೆ ತಮ್ಮ ಹುದ್ದೆ ಸಹಿತ ಸಹಿ ಹಾಕಿ, ನನ್ನ ಸ್ಕೂಟರಿನ ಹಿಂದೆ ಕೂತು ಮನೆಮನೆಗೆ ಬಂದರು. ಬಿಜೈ, ಫಳ್ನೀರು, ಕುಲಶೇಖರ, ಕೊನೆಗೆ ಪಣಂಬೂರಿನ ಕಾಲೊನಿ. ಆ ಸಹಿಯ ಬಗ್ಗೆ ಮೇಲಿನವರು ವಿವರಣೆ ಕೇಳಿ ಪತ್ರ ಬರೆದದ್ದು, ಅದಕ್ಕೆ ಮೇಡಂ "ತಪ್ಪು ನನ್ನದಾದ್ದರಿಂದ ಸಹಿಯೂ ನನ್ನದು" ಎಂದು ಒಂದೇ ಸಾಲಿನ ಉತ್ತರ ಕೊಟ್ಟದ್ದು ನನಗೆ ಗೊತ್ತಾದದ್ದು ವರ್ಷಗಳ ನಂತರ.

ಹದಿನೇಳನೆಯ ಮನೆಯಿಂದ ಹೊರಗೆ ಬಂದಾಗ ನನ್ನಿಂದ ತಡೆಯಲಾಗಲಿಲ್ಲ. ಸ್ಕೂಟರು ಸ್ಟಾರ್ಟ್ ಮಾಡದೆ ನಿಂತು, "ಮೇಡಂ, ನಾನು ಹತ್ತಲ್ಲ, ಇಪ್ಪತ್ತು ಹಾಕಿದ್ದೇನೆ," ಎಂದೆ.

"ಗೊತ್ತುಂಟು," ಎಂದರು ಅವರು. "ಹಕ್ಕಿಯ ತೂಕ ನೋಡುವಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹತ್ತೇ ಹಾಕಿದ್ರೂ ವಾಸನೆ ಬರ್ತಿತ್ತು, ಸ್ವಲ್ಪ ಕಡಿಮೆ ಬರ್ತಿತ್ತು, ಅಷ್ಟೇ. ನಿನ್ನದು ಆಸೆ, ನನ್ನದು ಅಸಡ್ಡೆ. ಹೋಗುವ, ಇನ್ನೂ ಇಪ್ಪತ್ತೈದು ಮನೆ ಉಂಟು."

ಹನ್ನೆರಡು ವರ್ಷ ಈ ಇಪ್ಪತ್ತರ ವಿಷಯ ನಮ್ಮಿಬ್ಬರ ನಡುವೆಯೇ ಉಳಿಯಿತು. ಸಾರ್ವಜನಿಕವಾಗಿ ತಪ್ಪು ಹೊತ್ತವರು ಅವರು. ಅದರಲ್ಲಿ ನನ್ನ ಪಾಲನ್ನು ಇಂದು ಈ ಪುಟದಲ್ಲಿ ನಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಜನವರಿಯಲ್ಲಿ ಅಪ್ಪ ಗೋಡೌನಿನ ಮೇಸ್ತ್ರಿಯನ್ನು ಕರೆಸಿದ್ದರು. ಅದೇ ದಿನ ಮೇಡಂ ಮತ್ತೆ ಅಂಗಡಿಗೆ ಬಂದು ಇನ್ನೊಂದು ಕ್ರಿಸ್ಮಸ್ ಕೊಡಿ ಎಂದು ಕೇಳಿದರು. ಆ ಬಾರಿಯೂ ವಾಸನೆ ಬಂದರೆ ಅಷ್ಟೂ ಹಕ್ಕಿಗಳನ್ನು ತಾವೇ ಕೊಳ್ಳುವುದಾಗಿ ಹೇಳಿದರು. ಅಪ್ಪ ಗಡ್ಡ ಸವರಿಕೊಂಡು, "ತಿಂದು ಮುಗಿಸ್ಲಿಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಜನ ಉಂಟು ಮೇಡಂ?" ಎಂದು ಕೇಳಿದರು. "ನಾನು, ನನ್ನ ಅಮ್ಮ," ಎಂದರು ಮೇಡಂ. ಅಪ್ಪ ನಕ್ಕುಬಿಟ್ಟರು. ಮೇಸ್ತ್ರಿ ಚಹಾ ಕುಡಿದು ವಾಪಸು ಹೋದ.

ಆ ಬೇಸಗೆಯಲ್ಲಿ ಮೇಡಂ ಕೇಂದ್ರದ ಹಕ್ಕಿಗಳ ಮೇಲೆ ಪರೀಕ್ಷೆ ನಡೆಸಿದರು. ಕೆಲವಕ್ಕೆ ಕೊಯ್ಯುವ ಎರಡು ವಾರ ಮೊದಲು ಮೀನು ನಿಲ್ಲಿಸಿದರು, ಕೆಲವಕ್ಕೆ ನಾಲ್ಕು ವಾರ, ಇನ್ನು ಕೆಲವಕ್ಕೆ ಆರು ವಾರ. ಉಪ್ಪು ಮಾತ್ರ ಹಾಕಿ ಬೇಯಿಸಿದ ಮೂರು ತಟ್ಟೆಗಳನ್ನು ಯಾವುದು ಯಾವುದೆಂದು ಹೇಳದೆ ಆಗ್ನೆಸ್‌ಬಾಯಿಯವರ ಎದುರಿಗಿಟ್ಟರು. ನಮ್ಮ ಮನೆಯವರು ತಿಂದದ್ದು ಖಾರದ ಮಸಾಲೆಯಲ್ಲಿ ಎಂದು ತಿಳಿದಾಗ ಆ ತಾಯಿ ಹೇಳಿದ್ದರು: "ಮಸಾಲೆಯನ್ನು ನಂಬ್ಲಿಕ್ಕಿಲ್ಲ ಮಗಾ, ಅದು ಸುಳ್ಳು ಹೇಳ್ತದೆ." ಮೊದಲ ತಟ್ಟೆಯನ್ನು ಅವರು ದೂಡಿದರು. ಎರಡನೆಯದಕ್ಕೆ "ಸ್ವಲ್ಪ ಸಮುದ್ರ ಉಂಟು" ಎಂದರು. ಮೂರನೆಯದನ್ನು ಪೂರ್ತಿ ತಿಂದು ಇನ್ನೂ ಉಂಟಾ ಎಂದು ಕೇಳಿದರು. ಪರೀಕ್ಷೆಗೆ ಕುತೂಹಲದಿಂದ ಬಂದಿದ್ದ ನನ್ನ ಅಪ್ಪ ಮೂರನ್ನೂ ತಿಂದು ಮೂರೂ ಒಂದೇ ಎಂದು ಘೋಷಿಸಿದರು.

ಆಗ್ನೆಸ್‌ಬಾಯಿ ಮೆಚ್ಚಿದ ಮೂರನೆಯದು ಆರು ವಾರ ಮೀನು ಬಿಟ್ಟ ಹಕ್ಕಿ. ಆರು ವಾರವೆಂದರೆ ಕ್ರಿಸ್ಮಸ್‌ನಿಂದ ಹಿಂದಕ್ಕೆ ಎಣಿಸಿದರೆ ಸುಮಾರಾಗಿ ನವೆಂಬರ್ ಹದಿನಾಲ್ಕು. ಮಕ್ಕಳ ದಿನಾಚರಣೆ, ಯಾರೂ ಮರೆಯುವ ಹಾಗಿಲ್ಲ. ಮೇಡಂ ಹಳದಿ ಹಾಳೆಯನ್ನು ತಿದ್ದಿ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಆ ದಿನಾಂಕ ಬರೆದರು.

ಹದಿನಾಲ್ಕರ ಜುಲೈಯಲ್ಲಿ ಮತ್ತೆ ಮರಿಗಳು ಬಂದವು. ಮೊದಲ ನಾಲ್ಕು ವಾರ ಕೈ ಬಿಚ್ಚಿ ಕೊಟ್ಟೆವು. ಆಗಸ್ಟ್‌ನಿಂದ ಮೀನಿನ ಹುಡಿ, ಈ ಸಲ ಹತ್ತೆಂದರೆ ಹತ್ತೇ. ಮೇವಿನ ತೊಟ್ಟಿಗಳನ್ನು ಹಕ್ಕಿಯ ಬೆನ್ನಿನ ಎತ್ತರಕ್ಕೆ ಏರಿಸುತ್ತ ಹೋಗಬೇಕೆಂದು ಮೇಡಂ ಹೇಳಿದ್ದನ್ನು ಚೆನ್ನಪ್ಪ ವಾರ ತಪ್ಪದೆ ಮಾಡಿದ. ಚೆಲ್ಲಿಹೋಗುವ ಮೇವು ಎಷ್ಟಿತ್ತೆಂಬುದು ಅದು ನಿಂತ ಮೇಲೆಯೇ ನಮಗೆ ತಿಳಿದದ್ದು. ನವೆಂಬರ್ ಹದಿನಾಲ್ಕಕ್ಕೆ ಮೀನು ನಿಂತಿತು. ನುಚ್ಚಕ್ಕಿ, ಜೋಳ, ತೌಡು, ಸ್ವಲ್ಪ ಸೋಯಾ, ಜೊತೆಗೆ ನುಗ್ಗೆಸೊಪ್ಪು, ಹರಿವೆ, ತೊಟ್ಟಿಯ ನೀರಿನಲ್ಲಿ ಬೆಳೆದ ಅಜೋಲ ಎಂಬ ತೇಲುಸಸ್ಯ. ಮೀನು ಬಿಟ್ಟರೆ ಹಕ್ಕಿ ಸೊರಗುತ್ತದೆ ಎಂದು ಅಪ್ಪನಿಗೆ ಖಾತ್ರಿ ಇತ್ತು. ನನಗೂ ಒಳಗೊಳಗೆ ಅದೇ ಹೆದರಿಕೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಅಪ್ಪ ಕೂಳೂರಿಗೆ ಬಂದು ತಕ್ಕಡಿಯ ಎದುರು ನಿಲ್ಲುತ್ತಿದ್ದರು. ಪ್ರತಿ ಶುಕ್ರವಾರವೂ ಮುಳ್ಳು ಹಿಂದಿನ ವಾರಕ್ಕಿಂತ ಮುಂದೆ ಹೋಗುತ್ತಿತ್ತು. ಡಿಸೆಂಬರಿನಲ್ಲಿ ಗಂಡುಹಕ್ಕಿಗಳು ಏಳೂವರೆ ಕಿಲೋ ದಾಟಿದವು. ಅಂಗಡಿಯ ಸಿದ್ಧ ಮೇವು ಕೊಟ್ಟು ಸಾಕಿದವರಿಗಿಂತ ನಮ್ಮ ಖರ್ಚು ಐದರಲ್ಲಿ ಒಂದು ಪಾಲು ಕಡಿಮೆ ಇತ್ತು, ಒಂದು ಹಕ್ಕಿಗೂ ಕಾಯಿಲೆ ಇರಲಿಲ್ಲ.

ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಆಗ್ನೆಸ್‌ಬಾಯಿಯವರನ್ನು ಕೂಳೂರಿಗೆ ಕರೆತಂದೆವು. ಉಪ್ಪು ಮಾತ್ರ ಹಾಕಿ ಬೇಯಿಸಿದ ಎದೆಮಾಂಸದ ತಟ್ಟೆ ಅವರ ಎದುರಿಗಿತ್ತು. ಅವರು ಮೊದಲು ಮೂಸಿದರು, ಆಮೇಲೆ ತಿಂದರು. ಅಪ್ಪ ತಸ್ಬೀಹ್ ಜಪಮಣಿ ತಿರುಗಿಸುತ್ತಿದ್ದರು. ಮೇಡಂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಕೊನೆಗೆ ಆಗ್ನೆಸ್‌ಬಾಯಿ, "ಇದು ಹಕ್ಕಿ," ಎಂದರು. ಎರಡೇ ಶಬ್ದ. ಚೆನ್ನಪ್ಪ ಅಷ್ಟಕ್ಕೇ ಹೊರಗೆ ಓಡಿ ಹಕ್ಕಿಗಳಿಗೆ ಇನ್ನೊಂದು ಬುಟ್ಟಿ ಸೊಪ್ಪು ಸುರಿದ.

ಹಿಂದಿನ ವರ್ಷದ ನಲ್ವತ್ತೆರಡು ಮನೆಗಳಲ್ಲಿ ಮೂವತ್ತೊಂಬತ್ತು ಮನೆಯವರು ಮೇಡಂ ಅವರ ಪತ್ರವನ್ನು ನಂಬಿ ಮತ್ತೆ ಹಕ್ಕಿ ಕೊಂಡಿದ್ದರು. ಕ್ರಿಸ್ಮಸ್ ದಿನ ಫೋನನ್ನು ಮೇಜಿನ ಮೇಲಿಟ್ಟು ಮನೆಯವರೆಲ್ಲ ಅದನ್ನೇ ನೋಡುತ್ತ ಕೂತೆವು. ಒಂದು ಗಂಟೆ, ಎರಡು ಗಂಟೆ, ಫೋನು ಸದ್ದು ಮಾಡಲಿಲ್ಲ. ಮೂರಕ್ಕೆ ಬೆಂದೂರಿನ ಅದೇ ಹಿರಿಯರ ಕರೆ ಬಂತು. "ಸಫಿಯಾ, ಹೊಸ ವರ್ಷಕ್ಕೆ ಇನ್ನೊಂದು ಸಿಗ್ತದಾ?" ಎಂದು ಕೇಳಿದರು. ಅಪ್ಪ ಎದ್ದು ಅಂಗಡಿಗೆ ಇಳಿದುಹೋದರು. ಗೋಡೌನಿನ ಮಾತು ಮತ್ತೆ ಬರಲಿಲ್ಲ.

ಮುಂದಿನ ವರ್ಷ ಮೇಡಂ ಅವರ ಕ್ರಮವನ್ನು ಹಿಡಿದು ಇನ್ನೂ ಒಂಬತ್ತು ಮಂದಿ ಟರ್ಕಿ ಸಾಕಲು ಹೊರಟರು. ಎಲ್ಲರಿಗೂ ಮೀನಿನ ಹುಡಿ ಹೋಗುತ್ತಿದ್ದದ್ದು ನಮ್ಮ ಅಂಗಡಿಯಿಂದಲೇ. ನವೆಂಬರ್ ಹದಿನಾಲ್ಕರ ಬೆಳಗ್ಗೆ ನೂರ್ ಮುಹಮ್ಮದ್ ಅವರ ಒಣಮೀನಿನ ಅಂಗಡಿಯ ಬಾಗಿಲಲ್ಲಿ, ಅವರದೇ ಸೊಟ್ಟ ಅಕ್ಷರದಲ್ಲಿ, ಒಂದು ಹಲಗೆ ತೂಗಿತು: 'ಇಂದಿನಿಂದ ಕ್ರಿಸ್ಮಸ್‌ವರೆಗೆ ಟರ್ಕಿಗೆ ಮೀನು ಮಾರುವುದಿಲ್ಲ.' ಮೂರು ತಲೆಮಾರಿನ ನಮ್ಮ ವ್ಯಾಪಾರದಲ್ಲಿ ಬಂದ ಗಿರಾಕಿಗೆ ಇಲ್ಲ ಎಂದದ್ದು ಅದೇ ಮೊದಲು. ಮೇಡಂ ಅವರಿಗೆ ಇಲಾಖೆ ಆಮೇಲೆ ಕೊಟ್ಟ ಪ್ರಶಸ್ತಿಪತ್ರವನ್ನೂ ನಾನು ನೋಡಿದ್ದೇನೆ. ಅದಕ್ಕಿಂತ ಆ ಹಲಗೆ ದೊಡ್ಡದು.

ಇಂದು ಕೂಳೂರಿನಲ್ಲಿ ಹೊಳೆಯ ಎರಡೂ ದಡಗಳಲ್ಲಿ ಮೂವತ್ತನಾಲ್ಕು ಕುಟುಂಬಗಳು ಈ ಕ್ರಮದಲ್ಲಿ ಟರ್ಕಿ ಸಾಕುತ್ತಿವೆ. ಕಳೆದ ಮೇ ತಿಂಗಳಲ್ಲಿ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾವೆಲ್ಲ ಹೋಗಿದ್ದೆವು, ಎಂಬತ್ತೆಂಟರ ಆಗ್ನೆಸ್‌ಬಾಯಿಯವರೂ ಬಂದಿದ್ದರು. ಇನ್ನು ಮುಂದೆ ಎಂತ ಮಾಡ್ತೀರಿ ಎಂದು ಯಾರೋ ಕೇಳಿದಾಗ, ಉತ್ತರ ಕೊಟ್ಟದ್ದು ಮಗಳಲ್ಲ, ತಾಯಿ. "ನನಗೆ ಈಗ ಕಾಪಿಯ ಪರಿಮಳವೇ ಸರಿ ಸಿಗುದಿಲ್ಲ. ನನ್ನ ಮೂಗಿಗೆ ಸಹ ರಿಟೈರ್ಡ್ ಮಾಡಿ. ಆ ಕೆಲಸ ಇನ್ನು ಇವಳು ಮಾಡ್ಲಿ."

ಗುರುಗಳಿಗೆ ದೀರ್ಘಾಯುಷ್ಯ ಕೋರುವುದು ಶಿಷ್ಯರ ಕರ್ತವ್ಯ. ನಾನು ಅದನ್ನು ಸ್ವಲ್ಪ ಸ್ವಾರ್ಥದಿಂದಲೇ ಕೋರುತ್ತೇನೆ. ದೇವರು ಮೇಡಂ ಅವರಿಗೆ ನೂರು ವರ್ಷ ಕೊಡಲಿ, ಆ ನೂರು ವರ್ಷವೂ ನೆಗಡಿ ಕೊಡದಿರಲಿ. ಮೇಡಂ, ಈ ಸಲ ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಕೂಳೂರಿನಲ್ಲಿ ಕುರ್ಚಿ ಹಾಕಿರುತ್ತೇವೆ, ಉಪ್ಪು ಮಾತ್ರ ಹಾಕಿ ಬೇಯಿಸಿರುತ್ತೇವೆ. ನೀವು ಬಂದು, ತಿಂದು, ಆ ಎರಡು ಶಬ್ದ ಹೇಳುವವರೆಗೆ ಮೂವತ್ತನಾಲ್ಕು ಮನೆಗಳ ಒಂದೇ ಒಂದು ಹಕ್ಕಿಯೂ ಗೇಟು ದಾಟುವುದಿಲ್ಲ.